ಎರಡಾಳು ಎರಿ, ಆಮ್ಯಾಲೆ ಗರಸು

ಚೆನ್ನೈನ ಹಳೇ ಮಹಾಬಲಿಪುರಂ ರಸ್ತೆಯಲ್ಲಿ ದಿನಾ ಆಫೀಸಿಗೆ ಓಡಾಡುವವರಿಗೆ ಆ ದೃಶ್ಯ ಹೊಸದಲ್ಲ. ಮೂರು ಕಬ್ಬಿಣದ ಪೈಪುಗಳನ್ನು ತುದಿಯಲ್ಲಿ ಕಟ್ಟಿ ನಿಲ್ಲಿಸಿದ ಮುಕ್ಕಾಲಿ, ಪಕ್ಕದಲ್ಲಿ ಹೊಗೆ ಉಗುಳುವ ಡೀಸೆಲ್ ವಿಂಚ್, ಬೂದು ಬಣ್ಣದ ಕೆಸರು ತುಂಬಿದ ಸಣ್ಣ ಗುಂಡಿ, ಲುಂಗಿ ಎತ್ತಿ ಕಟ್ಟಿದ ನಾಲ್ಕು ಜನ. ಅವರಲ್ಲೊಬ್ಬ ಹಗ್ಗ ಎಳೆದು ಬಿಟ್ಟಾಗಲೆಲ್ಲ ಟಣ್ ಎಂಬ ಸದ್ದು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಕಾರಿನಲ್ಲಿದ್ದ ಧಾರವಾಡದ ಗೆಳೆಯ ಕೇಳಿದ: "ಇಲ್ಲೆ ರಸ್ತೆದಾಗ ಯಾರ್ ಬೋರ್ ಹೊಡಸಾಕತ್ತಾರಲೇ? ನೀರ್ ಬೀಳತೈತೇನು?"

ನೀರಿಗಲ್ಲ, ಮಣ್ಣಿಗೆ ಎಂದೆ. ನಕ್ಕ. ಮಣ್ಣು ಬೇಕಾದರೆ ಬುಟ್ಟಿ, ಸಲಿಕೆ ಸಾಲದೇ ಎಂದ.

ಅವನ ಪ್ರಶ್ನೆ ತಪ್ಪಲ್ಲ. ನಾನು ಎಂ.ಟೆಕ್ ಓದಿದ್ದು ಭೂತಾಂತ್ರಿಕ ಎಂಜಿನಿಯರಿಂಗ್, ಅಂದರೆ ಮಣ್ಣು ಮತ್ತು ಬುನಾದಿಯ ವಿದ್ಯೆ. ಆಮೇಲೆ ನಮ್ಮಲ್ಲಿ ಬಹಳ ಜನರಂತೆ ಸಾಫ್ಟ್‌ವೇರ್‌ಗೆ ಜಾರಿದೆ. ಆದರೆ ಮಣ್ಣು ಪೂರ್ತಿ ಬಿಡಲಿಲ್ಲ. ನಮ್ಮ ತಂಡ ಮಾಡುವುದು ಬೋರ್‌ಹೋಲ್ ದಾಖಲೆಯ ಆಪ್. ಸೈಟಿನಲ್ಲಿ ಪುಸ್ತಕದಲ್ಲಿ ಬರೆಯುತ್ತಿದ್ದ ಅಂಕಿಗಳನ್ನು ಟ್ಯಾಬ್ಲೆಟ್‌ನಲ್ಲಿ ತುಂಬಿಸುವುದು, ಅಲ್ಲಿಂದ ನೇರ ವರದಿ ತಯಾರಾಗುವುದು. ಎ.ಸಿ. ಕೋಣೆಯಲ್ಲಿ ಕೂತು ಎರಡು ವರ್ಷ ಅದರ ಕೋಡ್ ಬರೆದೆ. ಆ ಎರಡು ವರ್ಷದಲ್ಲಿ ಒಮ್ಮೆಯೂ ಮುಕ್ಕಾಲಿಯ ಹತ್ತಿರ ಹೋಗಿರಲಿಲ್ಲ. ಹೋದ ದಿನ ಮುಖ ಸಣ್ಣದಾಯಿತು. ಅದನ್ನು ಹೇಳುವ ಮೊದಲು ಆ ಟಣ್ ಸದ್ದಿನ ಲೆಕ್ಕ ಹೇಳಬೇಕು.

ನೆಲಕ್ಕೆ ತೂತು ಕೊರೆಯುವುದು ಮೊದಲ ಕೆಲಸ. ಮರಳಿರುವ ಕಡೆ ತೂತಿನ ಗೋಡೆ ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸುತ್ತಾರೆ, ಇಲ್ಲವೇ ಬೆಂಟೊನೈಟ್ ಎಂಬ ಜೇಡಿಯ ಗಂಜಿ ತುಂಬುತ್ತಾರೆ. ರಸ್ತೆ ಬದಿಯ ಬೂದು ಕೆಸರು ಅದೇ. ಒಂದೂವರೆ ಮೀಟರ್ ಇಳಿದ ಮೇಲೆ ಕೊರೆಯುವುದನ್ನು ನಿಲ್ಲಿಸಿ, ರಾಡುಗಳ ತುದಿಗೆ ಒಂದು ದಪ್ಪ ಉಕ್ಕಿನ ಕೊಳವೆ ಸಿಕ್ಕಿಸಿ ಇಳಿಸುತ್ತಾರೆ. ಹೆಸರು ಸ್ಪ್ಲಿಟ್ ಸ್ಪೂನ್. ಹೊರಗಿನ ವ್ಯಾಸ ಎರಡಿಂಚು, ಒಳಗೆ 35 ಮಿಲಿಮೀಟರ್. ಮೇಲಿನಿಂದ 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಕೊಳವೆ ಒಟ್ಟು 45 ಸೆಂಟಿಮೀಟರ್ ಇಳಿಯಬೇಕು. 15 ಸೆಂಟಿಮೀಟರಿನ ಮೂರು ಕಂತು; ಪ್ರತಿ ಕಂತಿಗೂ ಎಷ್ಟು ಏಟು ಬಿತ್ತು ಎಂದು ಎಣಿಸುತ್ತಾರೆ. ಮೊದಲ ಕಂತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ತೂತಿನ ತಳ ಕೊರೆಯುವಾಗ ಕದಡಿರುತ್ತದೆ. ಉಳಿದೆರಡರ ಏಟುಗಳ ಮೊತ್ತವೇ 'ಎನ್' ಬೆಲೆ. ಇದಕ್ಕೆ ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್ ಎಂದು ಹೆಸರು. ನಮ್ಮ ದೇಶದಲ್ಲಿ ಐ.ಎಸ್. 2131 ಇದರ ನಿಯಮ. 1902ರ ಸುಮಾರಿಗೆ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಗೌ ಎಂಬ ಗುತ್ತಿಗೆದಾರ ಒಂದಿಂಚಿನ ಕೊಳವೆ ಬಡಿದು ಮಣ್ಣು ತೆಗೆಯಲು ಶುರುಮಾಡಿದ್ದರ ಮೊಮ್ಮಗ ಇದು. ನೂರು ವರ್ಷ ದಾಟಿದರೂ ಭಾರತದ ಎಷ್ಟೋ ಕಟ್ಟಡಗಳ ಬುನಾದಿ ಇವತ್ತಿಗೂ ಈ ಏಟಿನ ಲೆಕ್ಕದ ಮೇಲೇ ನಿಂತಿದೆ.

ಕೊಳವೆ ಮೇಲೆ ಬಂದ ಮೇಲೆ ಅವರೆಕಾಯಿ ಬಿಡಿಸಿದಂತೆ ಉದ್ದುದ್ದ ಎರಡು ಹೋಳಾಗುತ್ತದೆ. ಒಳಗೆ ಆ ಆಳದ ಮಣ್ಣು. ನೋಡಬಹುದು, ಮುಟ್ಟಬಹುದು, ಯಾವ ಜಾತಿ ಎಂದು ಹೇಳಬಹುದು. ಆದರೆ ಅದರ ಗಟ್ಟಿತನ ಅಳೆಯಲು ಬಾರದು. ಅಷ್ಟು ದಪ್ಪ ಗೋಡೆಯ ಕೊಳವೆಯನ್ನು ಬಡಿದು ನುಗ್ಗಿಸಿದಾಗ ಒಳಗಿನ ಮಣ್ಣಿನ ಕಟ್ಟು ಒಡೆದಿರುತ್ತದೆ. ಇದನ್ನು ಅಳೆಯಲು ಒಂದು ಸರಳ ಲೆಕ್ಕವಿದೆ: ಕೊಳವೆಯ ಉಕ್ಕು ಆಕ್ರಮಿಸುವ ಜಾಗ, ಒಳಗಿನ ಮಣ್ಣಿನ ಜಾಗದ ಶೇಕಡಾ ಎಷ್ಟು? ಸ್ಪ್ಲಿಟ್ ಸ್ಪೂನಿಗೆ ಅದು ಶೇ 110. ಅಂದರೆ ಒಳಗೆ ಹೋಗುವ ಮಣ್ಣಿಗಿಂತ ಪಕ್ಕಕ್ಕೆ ತಳ್ಳಿಸಿಕೊಳ್ಳುವ ಮಣ್ಣೇ ಹೆಚ್ಚು.

ಅದಕ್ಕೇ ಮೆತ್ತನೆಯ ಜೇಡಿಗೆ ಬೇರೆ ಕೊಳವೆ. ಮೂರಿಂಚು ವ್ಯಾಸ, ಕಾಗದದಂಥ ತೆಳು ಗೋಡೆ, ಹರಿತವಾದ ಅಂಚು. ಶೆಲ್ಬಿ ಟ್ಯೂಬ್ ಅನ್ನುತ್ತಾರೆ. ಇದರ ಲೆಕ್ಕ ಶೇ 9ರ ಆಸುಪಾಸು. ಇದನ್ನು ಬಡಿಯಬಾರದು. ನಿಲ್ಲಿಸದೆ, ಅಲುಗಿಸದೆ, ಒಂದೇ ಒತ್ತಿಗೆ ಇಳಿಸಬೇಕು. ಇಳಿಸಿದ ಕೂಡಲೇ ಎಳೆಯಲೂ ಬಾರದು. ಜೇಡಿ ಕೊಳವೆಗೆ ಅಂಟಿಕೊಳ್ಳಲು ಕೆಲವು ನಿಮಿಷ ಬಿಟ್ಟು, ಒಂದು ಸುತ್ತು ತಿರುವಿ ತಳವನ್ನು ಕತ್ತರಿಸಿ, ಆಮೇಲೆ ನಿಧಾನ ಎತ್ತಬೇಕು. ಎರಡೂ ತುದಿಗೆ ಕರಗಿಸಿದ ಮೇಣ ಹೊಯ್ದು ತೇವ ಆರದಂತೆ ಮುಚ್ಚಬೇಕು. ಎಳೆ ಕೂಸನ್ನು ಎತ್ತಿಕೊಂಡು ಹೋದಂತೆ ಲ್ಯಾಬಿಗೆ ಒಯ್ಯಬೇಕು.

ಎಂ.ಟೆಕ್‌ನಲ್ಲಿ ನಾನು ಒಯ್ದದ್ದು ಬಸ್ಸಿನಲ್ಲಿ. ಆರು ಟ್ಯೂಬು. ಯಾವುದು ಎಷ್ಟು ಆಳದ್ದು, ಯಾವ ತುದಿ ಮೇಲಿನದು ಎಂದು ಮುಚ್ಚಳದ ಮೇಲೆ ಬರೆದಿದ್ದೆ. ಲ್ಯಾಬಿನಲ್ಲಿ ಒರೆಸಿ ಸ್ವಚ್ಛ ಮಾಡುವಾಗ ಮುಚ್ಚಳಗಳು ಅದಲುಬದಲಾದವು. ನನಗೆ ಗೊತ್ತೇ ಆಗಲಿಲ್ಲ. ಮೂರು ವಾರ ಪರೀಕ್ಷೆ ಮಾಡಿ ಗ್ರಾಫ್ ಎಳೆದುಕೊಂಡು ಹೋದರೆ ನಮ್ಮ ಗೈಡ್ ಕಾಗದ ನೋಡಿ, ನನ್ನ ಮುಖ ನೋಡಿ, "ಹನ್ನೆರಡು ಮೀಟರ್ ಕೆಳಗಿನ ಮಣ್ಣು ಆರು ಮೀಟರಿನ ಮಣ್ಣಿಗಿಂತ ಕಡಿಮೆ ಭಾರ ಹೊತ್ತಿದೆಯಂತೆ, ಹೇಗಪ್ಪಾ?" ಎಂದರು. ಬರೆಯುವುದಾದರೆ ಟ್ಯೂಬಿನ ಮೈಮೇಲೆ ಬರೆಯಬೇಕು, ಬಿಚ್ಚಿ ಬರುವ ಮುಚ್ಚಳದ ಮೇಲಲ್ಲ ಎಂಬುದನ್ನು ಮೂರು ವಾರದ ಬೆಲೆ ತೆತ್ತು ಕಲಿತೆ.

ದೊಡ್ಡ ದೊಡ್ಡವರಿಗೂ ಇದೇ ಚಿಂತೆ ಎಂದು ಆಮೇಲೆ ಗೊತ್ತಾಗಿ ಸಮಾಧಾನವಾಯಿತು. ಸಮುದ್ರದ ತಳ ಕೊರೆಯುತ್ತಿದ್ದ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು 2015ರ ಬೇಸಿಗೆಯಲ್ಲಿ ಕೊಲಂಬೊದಿಂದ ಹೊರಟು ಅರಬ್ಬಿ ಸಮುದ್ರದ ಲಕ್ಷ್ಮಿ ಬೇಸಿನ್‌ನಲ್ಲಿ ಕೊರೆದು ಮುಂಬೈಗೆ ಬಂದಿತ್ತು. ಮೂರೂವರೆ ಕಿಲೋಮೀಟರ್ ನೀರು, ಅದರ ಕೆಳಗೆ ಸಾವಿರ ಮೀಟರಿಗೂ ಹೆಚ್ಚು ಕೆಸರು ಮತ್ತು ಕಲ್ಲು. ಸಿಂಧೂ ನದಿ ಹಿಮಾಲಯದಿಂದ ಹೊತ್ತು ತಂದು ಸುರಿದದ್ದು ಬಹಳಷ್ಟು. ಜತೆಗೆ ನಮ್ಮ ಪಶ್ಚಿಮ ಕರಾವಳಿಯ ಇಳಿಜಾರಿನಿಂದ ಕುಸಿದು ಬಂದ ಭಾರೀ ರಾಶಿಯೊಂದು ಸಿಕ್ಕಿತು, ಅದಕ್ಕೆ ನಟರಾಜ ಎಂದು ಹೆಸರು. ಒಂಬತ್ತೂವರೆ ಮೀಟರ್ ಉದ್ದದ ತುಂಡುಗಳಲ್ಲಿ ಮೇಲೆ ಬರುವ ಆ ಕೆಸರುಗಂಬವನ್ನು ಒಂದೂವರೆ ಮೀಟರಿಗೆ ಕತ್ತರಿಸಿ ತುದಿಗಳಿಗೆ ಮುಚ್ಚಳ ಹಾಕುತ್ತಾರೆ. ಮೇಲಿನ ತುದಿಗೆ ನೀಲಿ, ಕೆಳಗಿನದಕ್ಕೆ ಬಣ್ಣವಿಲ್ಲದ್ದು. ಕೊಳವೆಯ ಮೈಮೇಲೂ ಕೆತ್ತುತ್ತಾರೆ. ಆಮೇಲೆ ಉದ್ದಕ್ಕೆ ಸೀಳಿ ಒಂದು ಅರ್ಧವನ್ನು ಪರೀಕ್ಷೆಗೆ, ಇನ್ನೊಂದನ್ನು ಮುಂದಿನವರಿಗಾಗಿ ಎತ್ತಿಡುತ್ತಾರೆ. ಹಿಂದೂ ಮಹಾಸಾಗರದ ಇಂಥ ಗಂಬಗಳು ಕೊಚ್ಚಿಯ ಉಗ್ರಾಣದಲ್ಲಿವೆ. ಕೇರಳದ ಕೊಚ್ಚಿ ಎಂದುಕೊಂಡು ನಾನು ಒಮ್ಮೆ ಹೋಗಿ ನೋಡುವ ಯೋಚನೆ ಮಾಡಿದ್ದೆ. ಇದು ಜಪಾನಿನದು!

ಕೆರೆಯ ತಳದವರ ಕಷ್ಟ ಇನ್ನೊಂದು ಬಗೆಯದು. ಕೊಳವೆ ಒತ್ತಿದರೆ ಮೇಲಿನ ನೀರುನೀರು ಕೆಸರು ಪಕ್ಕಕ್ಕೆ ಸರಿಯುತ್ತದೆ, ಎತ್ತಿದರೆ ಜಾರಿ ಬೀಳುತ್ತದೆ. ಡೇನಿಯಲ್ ಲಿವಿಂಗ್‌ಸ್ಟನ್ ಎಂಬ ವಿಜ್ಞಾನಿ 1955ರಲ್ಲಿ ಪ್ರಕಟಿಸಿದ ಉಪಾಯ ಬಹಳ ಸರಳ: ಕೊಳವೆಯೊಳಗೆ ಇಂಜೆಕ್ಷನ್ ಸಿರಿಂಜಿನಲ್ಲಿರುವಂಥ ಬಿರಡೆ. ಬೇಕಾದ ಆಳ ಮುಟ್ಟುವವರೆಗೆ ಬಿರಡೆ ಬಾಯಿ ಮುಚ್ಚಿರುತ್ತದೆ. ಅಲ್ಲಿ ಬಿರಡೆಯನ್ನು ತಂತಿಯಿಂದ ಅಲ್ಲೇ ಹಿಡಿದಿಟ್ಟು ಕೊಳವೆಯನ್ನಷ್ಟೇ ಒತ್ತುತ್ತಾರೆ. ಎತ್ತುವಾಗ ಒಳಗೆ ಗಾಳಿ ನುಗ್ಗಲು ದಾರಿಯಿಲ್ಲದ್ದರಿಂದ ಕೆಸರು ಜಾರುವುದಿಲ್ಲ. ಸಮುದ್ರಕ್ಕೆ ಇದೇ ತತ್ವವನ್ನು ಸ್ವೀಡನ್ನಿನ ಕುಲೆನ್‌ಬರ್ಗ್ ಅದಕ್ಕೂ ಮೊದಲೇ ಅಳವಡಿಸಿದ್ದ. ಜೌಗಿನ ಪೀಟ್ ಮಣ್ಣಿಗಂತೂ ರಷ್ಯನ್ ಕೋರರ್ ಇದೆ. ಅರ್ಧ ಕೊಳವೆ, ಒಂದು ರೆಕ್ಕೆ. ಒಳಗಿಳಿಸಿ ಅರ್ಧ ಸುತ್ತು ತಿರುವಿದರೆ ಪಕ್ಕದ ಮಣ್ಣನ್ನು ತಬ್ಬಿಕೊಂಡು ಮುಚ್ಚಿಕೊಳ್ಳುತ್ತದೆ. ತೀರಾ ನೀರಾದ ಕೆಸರಿಗೆ ಡ್ರೈ ಐಸ್ ತುಂಬಿದ ಲೋಹದ ಪೆಟ್ಟಿಗೆ ಇಳಿಸಿ, ಕೆಸರು ಅದರ ಮೈಗೇ ಹೆಪ್ಪುಗಟ್ಟುವಂತೆ ಮಾಡುವುದೂ ಉಂಟು. ಇಷ್ಟೆಲ್ಲ ಪಾಡು ಪಡುವುದು ಪದರಗಳ ಅನುಕ್ರಮ ಕೆಡದಿರಲೆಂದು. ನಮ್ಮ ಪಕ್ಕದ ನೀಲಗಿರಿಯ ಪೀಟ್ ಪದರಗಳಿಂದಲೇ ಬೆಂಗಳೂರಿನ ಐ.ಐ.ಎಸ್‌ಸಿ.ಯ ಆರ್. ಸುಕುಮಾರ್ ಮತ್ತು ಸಂಗಡಿಗರು ಸುಮಾರು 20 ಸಾವಿರ ವರ್ಷಗಳ ಮಳೆ, ಹುಲ್ಲು, ಕಾಡಿನ ಏರಿಳಿತ ಓದಿ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಪದರ ಕಲಸಿಹೋಗಿದ್ದರೆ ಓದಲು ಏನಿರುತ್ತಿತ್ತು?

ಈಗ ನನ್ನ ಮುಖ ಸಣ್ಣದಾದ ಕಥೆ.

ಪಳ್ಳಿಕರಣೈ ಜೌಗಿನಿಂದ ಸ್ವಲ್ಪ ದೂರದ ಒಂದು ಸೈಟಿಗೆ ಆಪ್ ಹೇಗೆ ಬಳಸುತ್ತಾರೆ ನೋಡಲು ಹೋಗಿದ್ದೆ. ಡ್ರಿಲ್ಲರ್ ಅರವತ್ತು ದಾಟಿದವರು, ಸೇಲಂ ಕಡೆಯವರು. ಕೊರೆಯುವ ರಾಡಿಗೆ ಅಂಗೈ ತಾಗಿಸಿಕೊಂಡು ನಿಂತು "ಮರಳು ಬಂತು" ಎಂದರೆ ಎರಡು ನಿಮಿಷದಲ್ಲಿ ಗುಂಡಿಗೆ ಮರಳು ಬಂದು ಬೀಳುತ್ತಿತ್ತು. ತೂತಿನೊಳಗಿನ ನೀರು ಕಡಿಮೆಯಾದರೆ ಹುಡುಗರನ್ನು ಗದರಿಸಿ ತುಂಬಿಸುತ್ತಿದ್ದರು. ಹೊರಗಿನ ಅಂತರ್ಜಲಕ್ಕಿಂತ ಒಳಗಿನ ನೀರು ಇಳಿದರೆ ತಳದ ಮರಳು ಕುದಿದಂತೆ ಮೇಲೆದ್ದು ಸಡಿಲವಾಗುತ್ತದೆ, ಆಗ ಗಟ್ಟಿ ಮರಳೂ ಮೆತ್ತಗೆಂದು ಲೆಕ್ಕ ಕೊಡುತ್ತದೆ. ಪಠ್ಯಪುಸ್ತಕದಲ್ಲಿ ಅರ್ಧ ಪುಟ ಓದಿ ನಾನು ಮರೆತದ್ದು ಅವರ ಬೈಗುಳದಲ್ಲಿತ್ತು.

ನಾಲ್ಕೂವರೆ ಮೀಟರಿನಲ್ಲಿ ಸ್ಪೂನ್ ಇಳಿಸಿದರು. ಸುತ್ತಿಗೆ ಎತ್ತುವ ಮೊದಲೇ ರಾಡುಗಳು ತಮ್ಮ ಭಾರಕ್ಕೇ ಸರ್ರನೆ ಇಳಿದವು. ಬೆಣ್ಣೆಗೆ ಚಾಕು ಇಳಿದಂತೆ, 45 ಸೆಂಟಿಮೀಟರ್ ಪೂರ್ತಿ. ಒಂದೂ ಏಟಿಲ್ಲ. ಹುಡುಗ ಟ್ಯಾಬ್ಲೆಟ್ ತೆಗೆದು 2 ಎಂದು ಒತ್ತಿದ.

"ಎರಡು ಯಾಕೆ? ಸೊನ್ನೆಯಲ್ಲವೇ?" ಎಂದೆ.

ಹುಡುಗ ಸೊನ್ನೆ ಒತ್ತಿ ತೋರಿಸಿದ. ಪರದೆ ಕೆಂಪಾಯಿತು. '1ರಿಂದ 100ರೊಳಗಿನ ಸಂಖ್ಯೆ ನಮೂದಿಸಿ.' ಆ ಸಾಲು ಬರೆದವನು ನಾನೇ. ಖಾಲಿ ಬಿಟ್ಟು ಮುಂದೆ ಹೋಗುವವರನ್ನು ತಡೆಯಲು ಹಾಕಿದ ತಡೆ. ಸೊನ್ನೆ ಎಂಬುದು ಖಾಲಿಯಲ್ಲ, ಈ ಕಸುಬಿನಲ್ಲಿ ಅತ್ಯಂತ ದೊಡ್ಡ ಸುದ್ದಿ ಅದೇ ಎಂಬುದು ಕೋಡ್ ಬರೆಯುವಾಗ ತಲೆಗೆ ಹೋಗಿರಲಿಲ್ಲ. ತನ್ನ ಭಾರಕ್ಕೇ ರಾಡು ಇಳಿಯುವ ಮಣ್ಣಿಗೂ ಎರಡು ಏಟು ತಿನ್ನುವ ಮಣ್ಣಿಗೂ ಇರುವ ವ್ಯತ್ಯಾಸ ಕಾಗದದ ಮೇಲೆ ಎರಡೇ. ಅದರ ಮೇಲೆ ಗೋಡೆ ಕಟ್ಟಿದವನಿಗೆ ಗೊತ್ತು. ಹಾಗೆಯೇ ಕೊಳವೆಯಲ್ಲಿ ಮಣ್ಣು ಸಿಗದೆ ಬರಿದೇ ಬಂದರೆ ಅದನ್ನು ಬರೆಯಲೂ ನನ್ನ ಆಪ್‌ನಲ್ಲಿ ಜಾಗವಿರಲಿಲ್ಲ.

"ತಂಬಿ, ಇದು ನಿಮ್ಮ ಆಪಾ?" ಎಂದು ಡ್ರಿಲ್ಲರ್ ಕೇಳಿದರು. ಹೌದೆಂದೆ. ಅವರು ಏನೂ ಹೇಳದೆ ಅಂಗಿಯ ಜೇಬಿನಿಂದ ಬೆವರಿಗೆ ಮೆತ್ತಗಾದ ನೋಟ್‌ಬುಕ್ ತೆಗೆದು ಪೆನ್ಸಿಲ್‌ನಲ್ಲಿ ಬರೆದುಕೊಂಡರು. ಏನು ಬರೆದಿರಿ ಎಂದರೆ, ತಮಿಳಿನಲ್ಲಿ 'ತಾನಾಗಿ ಇಳಿಯಿತು' ಎಂದು ಬರೆದಿದ್ದರು.

ಅವತ್ತು ರಾತ್ರಿ ಡೇಟಾಬೇಸ್ ತೆರೆದು ಮೇಲಿನ ಹತ್ತು ಮೀಟರಿನಲ್ಲಿ 1 ಮತ್ತು 2 ಎಲ್ಲೆಲ್ಲಿ ಗುಂಪುಗೂಡಿವೆ ಎಂದು ಹುಡುಕಿದೆ. ಹದಿನಾಲ್ಕು ಬೋರ್‌ಹೋಲ್ ಸಿಕ್ಕವು. ಬೆಳಿಗ್ಗೆ ಮ್ಯಾನೇಜರ್ ಎದುರು ಕೂತು ಹೇಳುವಾಗ ಗಂಟಲು ಒಣಗಿತ್ತು. ಅವರು ಸಿಟ್ಟಾಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ನಮ್ಮನ್ನು ಉಳಿಸಿದ್ದು ಡ್ರಿಲ್ಲರ್‌ಗಳ ಜೇಬಿನ ನೋಟ್‌ಬುಕ್‌ಗಳು. ಅವನ್ನು ಪಡೆದು, ತಮಿಳು ಬಲ್ಲವರಿಂದ ಓದಿಸಿ, ಒಂದೊಂದೇ ಸಾಲು ತಿದ್ದಿದೆವು. ಎರಡು ವರದಿ ಇನ್ನೂ ಹೊರಟಿರಲಿಲ್ಲ. ಹೊರಟಿದ್ದವಕ್ಕೆ ತಿದ್ದುಪಡಿ ಕಳಿಸಿ ಕ್ಷಮೆ ಕೇಳಿದೆವು. ಒಂದು ಕಡೆ ಕಂಬಗಳ ಪೈಲ್ ಉದ್ದ ಹೆಚ್ಚಿಸಿದರು ಎಂದು ಆಮೇಲೆ ತಿಳಿಯಿತು.

ಇದಾಗಿ ತಿಂಗಳೊಳಗೆ ಊರಿನಿಂದ ತಮ್ಮ ವಾಟ್ಸ್ಆ್ಯಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ. ನಮ್ಮದು ಗದಗ ಜಿಲ್ಲೆ, ಎರೆ ಸೀಮೆ. ಹಳೇ ಮನೆಯ ಗೋಡೆಗಳಲ್ಲಿ ಕೈ ತೂರುವಷ್ಟು ಬಿರುಕು. ಪಕ್ಕದ ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಅರ್ಧ ದುಡ್ಡು ನನ್ನದು, ಅರ್ಧ ಅಪ್ಪ ಎತ್ತು, ಗಾಡಿ, ಒಂದಿಷ್ಟು ಹೊಲ ಮಾರಿದ್ದು. ಕಟ್ಟುವವರು ಕೊಟ್ಟ ಮಣ್ಣು ಪರೀಕ್ಷೆಯ ವರದಿ ಅದು. ಆರು ಪುಟ, ಮೂರು ಬೋರ್‌ಹೋಲ್, ಮೂರರಲ್ಲೂ 12, 18, 24 ಎಂದು ಅದೇ ಎನ್ ಬೆಲೆ. ಮಣ್ಣಿನ ವಿವರಣೆ: 'ಕೆಂಪು ಮಿಶ್ರಿತ ಕಂದು ಮರಳು ಮಣ್ಣು'. ನಮ್ಮೂರಲ್ಲಿ ಕೆಂಪು ಮಣ್ಣು ನೋಡಬೇಕಾದರೆ ಬಸ್ಸು ಹತ್ತಬೇಕು. ನಾಲ್ಕನೇ ಪುಟದಲ್ಲಿ ಬೇರೆ ಜಿಲ್ಲೆಯ ಯಾವುದೋ ಊರಿನ ಹೆಸರು ಅಳಿಸದೆ ಉಳಿದಿತ್ತು.

ಅಪ್ಪನಿಗೆ ಫೋನ್ ಮಾಡಿ, ಮತ್ತೆ ಕೊರೆಸಬೇಕು ಎಂದೆ.

"ಮನಿ ಕಟ್ಟಾಕ ನೆಲಾ ಯಾಕ್ ಕೊರೀಬೇಕು? ನಿಮ್ಮ ಮುತ್ಯಾ ಯಾವ ಮಿಷನ್ ತರಿಸಿದ್ದ? ಅವ ಕಟ್ಟಿದ ಮನಿ ಬಿದ್ದೈತೇನು?"

"ಬಿದ್ದಿಲ್ಲಪಾ. ಬಿರುಕು ಬಿಟ್ಟೈತಿ."

"ಬಿರುಕು ಎರಿ ಸೀಮ್ಯಾಗ ಎಲ್ಲಾರ ಮನಿಗೂ ಐತಿ. ನನ್ನ ಕೇಳು, ನಾ ಹೇಳ್ತೇನಿ. ಎರಡಾಳು ಎರಿ, ಆಮ್ಯಾಲೆ ಗರಸು. ಬಾವಿ ತೋಡುವಾಗ ನಾನ ಮಣ್ಣ ಹೊತ್ತೇನಿ. ಬರಕೋ."

ಬರೆದುಕೊಂಡೆ. ಆದರೂ ಮೇ ತಿಂಗಳಲ್ಲಿ ರಜೆ ಹಾಕಿ ಹೋದೆ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಸಹಪಾಠಿ ಒಂದು ಕೈ ಆಗರ್, ಒಂದು ಜರಡಿ, ಎರಡು ಗಾಜಿನ ಅಳತೆ ಸಿಲಿಂಡರ್ ಕೊಟ್ಟ. ಕೈ ಆಗರ್ ಎಂದರೆ ಬಡಿಗೇರರ ಬೈರಿಗೆಯ ದೊಡ್ಡಣ್ಣ. ಮೇಲೆ ಅಡ್ಡ ಹಿಡಿಕೆ, ಕೆಳಗೆ ನಾಲ್ಕಿಂಚಿನ ಬಾಯಿ, ನಡುವೆ ಒಂದೊಂದು ಮೀಟರಿನ ರಾಡು ಜೋಡಿಸುತ್ತಾ ಹೋಗಬಹುದು. ತಿರುವಿದರೆ ಒಂದು ಗೇಣಿನಷ್ಟು ಮಣ್ಣು ತುಂಬುತ್ತದೆ. ಎತ್ತಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿ ಇಡಬೇಕು. ಇದರಿಂದ ಮಣ್ಣಿನ ಜಾತಿ, ತೇವ, ಪದರದ ಆಳ ತಿಳಿಯುತ್ತದೆ. ಗಟ್ಟಿತನ ತಿಳಿಯುವುದಿಲ್ಲ, ಅದಕ್ಕೆ ಮುಕ್ಕಾಲಿಯವರೇ ಬರಬೇಕು.

ಮೇ ತಿಂಗಳ ಎರೆ ಎಂದರೆ ಕಲ್ಲು. ಮೊದಲ ಒಂದು ಮೊಳ ಇಳಿಯಲು ಇಬ್ಬರಿಗೂ ಅರ್ಧ ತಾಸು ಹಿಡಿಯಿತು. ತಮ್ಮ ಕೊಡದಲ್ಲಿ ನೀರು ತಂದು ಹೊಯ್ಯಲು ಬಂದ. ಬೇಡವೆಂದು ತಡೆದೆ. ನನಗೆ ಬೇಕಿದ್ದದ್ದು ತೇವವೇ. ಎರೆ ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಸೀಳುತ್ತದೆ. ಬುನಾದಿಯನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸುವುದು ಈ ಉಸಿರಾಟ. ಮಳೆಗಾಲಕ್ಕೂ ಬೇಸಿಗೆಗೂ ತೇವ ಬದಲಾಗದ ಆಳ ಎಲ್ಲಿದೆಯೋ ಅದರ ಕೆಳಗೆ ಬುನಾದಿಯ ಕಾಲೂರಬೇಕು. ನಮ್ಮ ದೇಶದ ಎರೆಗೆ ಅದು ಸಾಮಾನ್ಯವಾಗಿ ಮೂರೂವರೆ ಮೀಟರ್ ಎಂದು ಹಿಡಿಯುತ್ತಾರೆ. ತಳದಲ್ಲಿ ಗಡ್ಡೆಯಂತೆ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ ಎಂಬ ಕಾಂಕ್ರೀಟ್ ಕಂಬವನ್ನು ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬೆಳೆಸಿದ್ದು ಇಂಥ ಮಣ್ಣಿಗೆಂದೇ.

ಒಂದು ಮೀಟರ್ ದಾಟಿದ ಮೇಲೆ ಆಗರ್ ಸಲೀಸಾಗಿ ಇಳಿಯಿತು. ಪ್ರತಿ ಅರ್ಧ ಮೀಟರಿಗೆ ಒಂದು ಹಿಡಿ ಮಣ್ಣು ಎರಡು ಪಾಲಿಥಿನ್ ಚೀಲದಲ್ಲಿ ಕಟ್ಟಿ, ಆಳ ಬರೆದ ಚೀಟಿಯನ್ನು ಎರಡೂ ಚೀಲದ ನಡುವೆ ಇಟ್ಟೆ. (ಮುಚ್ಚಳದ ಪಾಠ.) ಮೂರು ಮೀಟರಿನ ಹತ್ತಿರ ಆಗರ್ ಕರ್ರ್ ಎಂದಿತು. ಸುಣ್ಣದ ಹರಳು. ಇನ್ನೊಂದು ಗೇಣು ಇಳಿದದ್ದೇ ಹಳದಿ ಗರಸು. ಟೇಪು ಹಿಡಿದರೆ 3.3 ಮೀಟರ್. ಹನ್ನೊಂದಡಿ ಹತ್ತಿರ, ಐದೂವರೆ ಅಡಿಯ ಎರಡು ಆಳು. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅಪ್ಪ ಏನೂ ಹೇಳಲಿಲ್ಲ, ಎಲೆಯಡಿಕೆಯ ಚೀಲ ಬಿಚ್ಚಿದರು, ಅಷ್ಟೆ.

ಅದು ಮುಂದಿನ, ಬಾವಿ ಕಡೆಯ ಮೂಲೆ. ಹಿತ್ತಿಲ ಎಡಮೂಲೆಯಲ್ಲಿ ನಾಲ್ಕಡಿಗೇ ಗರಸು ಸಿಕ್ಕಿ ಆಗರ್ ನಿಂತಿತು. ಜಾಗ ಊರ ಕಡೆ ಏರುತ್ತದೆ, ಎರೆ ತೆಳುವಾಗುತ್ತದೆ. ಅರ್ಧ ಮನೆ ಗರಸಿನ ಮೇಲೆ, ಅರ್ಧ ಎರೆಯ ಮೇಲೆ. ಒಂದು ಕಾಲು ದಡದಲ್ಲಿ, ಇನ್ನೊಂದು ದೋಣಿಯಲ್ಲಿ. ಬಿರುಕಿಗೆ ಇದಕ್ಕಿಂತ ಒಳ್ಳೆಯ ಆಹ್ವಾನವಿಲ್ಲ. ಪಿಡಿಎಫ್‌ನಲ್ಲಿ ಮಾತ್ರ ಮೂರೂ ಒಂದೇ ಆಗಿದ್ದವು.

ಹಿತ್ತಿಲ ಬಲಮೂಲೆಯಲ್ಲೂ ನಾಲ್ಕಡಿಗೆ ಗರಸು ಸಿಗುತ್ತದೆಂದು ಲೆಕ್ಕ ಹಾಕಿದ್ದೆ. ಸಿಗಲಿಲ್ಲ. ಐದಡಿ, ಆರಡಿ. ಮಣ್ಣು ಕಪ್ಪೂ ಅಲ್ಲ, ಹಳದಿಯೂ ಅಲ್ಲ. ತಿರುವುವ ಕೈಗೆ ಭಾರವೇ ಇಲ್ಲ. ಎರಡು ಮೀಟರಿನಲ್ಲಿ ಆಗರ್ ಎತ್ತಿದರೆ ಬಾಯಿ ತುಂಬ ಬೂದಿ, ಮಡಕೆಯ ಚೂರು, ಕೊಳೆತು ಕಪ್ಪಾದ ಹುಲ್ಲು. ಇನ್ನೂ ಕೆಳಗೆ ಸುಟ್ಟಂತಾದ ಕಾಳು. ಅವ್ವ ಮೊರದಲ್ಲಿ ಹಾಕಿಕೊಂಡು ಬೆರಳಲ್ಲಿ ತಿಕ್ಕಿ ನೋಡಿ, "ಜ್ವಾಳ ಇದು" ಎಂದಳು.

ಅಪ್ಪ ಎದ್ದು ಬಂದರು. ತೂತಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಆ ಬೂದಿಯನ್ನೇ ನೋಡಿದರು.

"ಹಗೇವು" ಎಂದರು.

ನಮ್ಮ ಕಡೆ ಜೋಳ ತುಂಬಿಡುವ ನೆಲದಡಿಯ ಕಣಜವದು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣೆಳೆಯುತ್ತಿದ್ದರು. ತೆಗೆದ ದಿನ ಒಳಗೆ ಇಳಿಯುವಂತಿಲ್ಲ, ಕೆಟ್ಟ ಗಾಳಿ ಹೋಗಲಿ ಎಂದು ಬಿಟ್ಟು, ದೀಪ ಇಳಿಸಿ ನೋಡಿ ಇಳಿಯಬೇಕು. ನಮ್ಮ ಮುತ್ಯಾನ ಹಗೇವು ಇತ್ತೆಂದು ಅಪ್ಪನಿಗೆ ಗೊತ್ತಿತ್ತು. ಆದರೆ ಅದು ದೊಡ್ಡಪ್ಪನ ಪಾಲಿಗೆ ಹೋದ ಜಾಗದಲ್ಲಿದೆ ಎಂದು ಇಷ್ಟು ವರ್ಷ ತಿಳಿದಿದ್ದರು. ಬರಗಾಲದಲ್ಲಿ ಖಾಲಿಯಾದದ್ದು ಮತ್ತೆ ತುಂಬಲೇ ಇಲ್ಲವಂತೆ. ಮಕ್ಕಳು ಬಿದ್ದಾರೆಂದು ಒಲೆಯ ಬೂದಿ, ಕಸ ಸುರಿದು ಮುಚ್ಚಿದರಂತೆ. ಆಗ ಅಪ್ಪನಿಗೆ ಏಳೋ ಎಂಟೋ ವರ್ಷ. "ನಾನೂ ಬುಟ್ಟಿಲೆ ಬೂದಿ ಹಾಕೇನಿ" ಎಂದರು. ಅಮ್ಮನ ಮೊರದಿಂದ ನಾಲ್ಕು ಕಾಳು ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು.

ನಕ್ಷೆ ತೆಗೆದು ನೋಡಿದೆವು. ಮನೆಯ ಹಿಂದಿನ ಬಲಮೂಲೆಯ ಕಂಬ ಸರಿಯಾಗಿ ಹಗೇವಿನ ಹೊಟ್ಟೆಯ ಮೇಲೆ ಕೂತಿತ್ತು.

ರಾತ್ರಿ ಅವ್ವನ ಅಡುಗೆಮನೆಯ ಹಲಗೆಯ ಮೇಲೆ ಎರಡು ಸಿಲಿಂಡರ್ ಇಟ್ಟೆ. ಒಣಗಿಸಿ ಜರಡಿ ಹಿಡಿದ ಎರೆಯ ಪುಡಿ ಹತ್ತತ್ತು ಗ್ರಾಂ. ಒಂದಕ್ಕೆ ಬೈಕ್ ಗ್ಯಾರೇಜಿನಿಂದ ತಂದ ಬ್ಯಾಟರಿ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ. ಈಗ ಚಿಮಣಿ ಎಣ್ಣೆ ಸಿಗುವುದೇ ಕಷ್ಟ. ಪಂಪ್‌ಸೆಟ್ ತೊಳೆಯಲು ಇಟ್ಟಿದ್ದ ಅರ್ಧ ಬಾಟಲಿ ಪಕ್ಕದ ಮನೆಯವರು ಕೊಟ್ಟರು. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಇಪ್ಪತ್ತನಾಲ್ಕು ತಾಸು ಬಿಟ್ಟು ಎರಡರ ವ್ಯತ್ಯಾಸ ನೋಡಬೇಕು. "ರೊಟ್ಟಿ ಇಡೂ ಜಾಗಾದಾಗ ಚಿಮಣಿ ಎಣ್ಣಿ ಇಡ್ತೀಯಲ್ಲೋ, ಇದಕ್ಕ ಓದಿದ್ಯಾ?" ಎಂದು ಅವ್ವ ಬೈದಳು. ಮರುದಿನ ಎಣ್ಣೆಯಲ್ಲಿ 11 ಮಿಲಿಲೀಟರ್, ನೀರಿನಲ್ಲಿ 21. ಹತ್ತಿರ ಹತ್ತಿರ ಎರಡು ಪಟ್ಟು. ಬೈದವಳೇ ಓಣಿಯವರನ್ನು ಕರೆದು ತೋರಿಸಿದಳು.

ಆಮೇಲಿನ ಕೆಲಸ ನಾನು ಮಾಡಿದ್ದಲ್ಲ. ಹುಬ್ಬಳ್ಳಿಯಿಂದ ಮುಕ್ಕಾಲಿಯವರು ಬಂದು ಎರಡು ಕಡೆ ಕೊರೆದರು. ಅನುಭವಿ ಎಂಜಿನಿಯರೊಬ್ಬರು ಎಲ್ಲ ಕಂಬಗಳಿಗೂ ಪೈಲ್ ಹಾಕಿ, ಎಲ್ಲದರ ಕಾಲನ್ನೂ ಗರಸಿನಲ್ಲಿ ಊರುವಂತೆ ನಕ್ಷೆ ತಿದ್ದಿದರು. ಹಗೇವನ್ನು ಬರಿದು ಮಾಡಿ ಗರಸು ತುಂಬಿ ಪದರಪದರವಾಗಿ ದಮ್ಮಸು ಹಾಕಿಸಿದರು, ಆ ಮೂಲೆಯ ಕಂಬವನ್ನು ಅಲ್ಲಿಂದ ಸರಿಸಿದರು. ಖರ್ಚು ಹೆಚ್ಚಾಯಿತು, ಮೇಲಿನ ಮಹಡಿ ಸದ್ಯಕ್ಕಿಲ್ಲ. ಪಿಡಿಎಫ್ ಕೊಟ್ಟವರು, ಟೈಪ್ ಮಾಡುವಾಗ ತಪ್ಪಾಗಿದೆ ಎಂದರು.

ಹೊರಗಿದ್ದುಕೊಂಡು ಊರಲ್ಲಿ ಮನೆ ಕಟ್ಟಿಸುವವರು ನಮ್ಮಲ್ಲಿ ಬಹಳ. ವಾಟ್ಸ್ಆ್ಯಪ್‌ನಲ್ಲಿ ಬರುವ ಮಣ್ಣಿನ ವರದಿಯನ್ನು ತೆರೆದೇ ನೋಡುವುದಿಲ್ಲ ನಾವು. ತೆರೆಯಿರಿ. ಮೂರು ಕಂತಿನ ಏಟುಗಳನ್ನು ಬಿಡಿಬಿಡಿಯಾಗಿ ಬರೆದಿದ್ದಾರೆಯೇ, ನೀರು ಯಾವ ತಾರೀಖಿಗೆ ಎಷ್ಟು ಆಳದಲ್ಲಿತ್ತು, ಮಾದರಿ ಸಿಗದ ಕಡೆ ಸಿಗಲಿಲ್ಲ ಎಂದು ಬರೆದಿದ್ದಾರೆಯೇ ಎಂದು ನೋಡಿ. ಎಲ್ಲ ಕಡೆ ಎಲ್ಲವೂ ಸಿಕ್ಕಿದ್ದರೆ ಅನುಮಾನಪಡಿ. ಕೊರೆಯುವ ದಿನ ಮನೆಯವರೊಬ್ಬರು ಅಲ್ಲಿರಲಿ. ಬಾವಿ ತೋಡಿದವರು ಯಾರಾದರೂ ಬದುಕಿದ್ದರೆ ಅವರನ್ನೂ ಕರೆಯಿರಿ.

ಚೆನ್ನೈಗೆ ವಾಪಸಾದ ಮೇಲೆ ಆಪ್‌ನ ಹೊಸ ಆವೃತ್ತಿ ಬಂತು. ಸೊನ್ನೆ ತೆಗೆದುಕೊಳ್ಳುತ್ತದೆ, ಅದರ ಪಕ್ಕದಲ್ಲಿ 'ತಾನಾಗಿ ಇಳಿಯಿತು' ಎಂಬ ಗುಂಡಿಯಿದೆ, 'ಮಾದರಿ ಸಿಗಲಿಲ್ಲ' ಎಂಬುದೂ ಇದೆ. ಪರೀಕ್ಷೆಗೆಂದು ನಮ್ಮ ಮನೆಯ ಮೂರು ತೂತುಗಳನ್ನೇ ತುಂಬಿಸಿ, ನಕ್ಷೆಯನ್ನು ತಮ್ಮನ ಫೋನಿಗೆ ಕಳಿಸಿದೆ. ಸಂಜೆ ಅಪ್ಪನ ಫೋನು.

"ಮೂರನೇದರಾಗ ಫಿಲ್ ಅಂತ ಬರದೀಯಂತ. ಹಂಗಂದ್ರೇನು?"

ತುಂಬಿದ ಮಣ್ಣು ಎಂದು ಅರ್ಥ, ಪಟ್ಟಿಯಲ್ಲಿ ಇದ್ದದ್ದು ಅದೊಂದೇ ಎಂದೆ.

"ತುಂಬಿದ ಮಣ್ಣ ಏನಲ್ಲ ಅದು. ಹಗೇವು ಅಂತ ಬರಿ."

ಪಟ್ಟಿಯ ಕೆಳಗೆ 'ಊರಿನವರು ಕರೆಯುವ ಹೆಸರು' ಎಂದು ಒಂದು ಖಾಲಿ ಸಾಲು ಸೇರಿಸಲು ಅರ್ಧ ದಿನ ಹಿಡಿಯಿತು. ಮೊದಲ ನಮೂದು ನಮ್ಮದೇ.